ರದ್ದಾದ ಸಂದರ್ಶನವೂ ಕಾಯದ ಬಾಣಂತನವೂ

ಯಲ್ಲಮ್ಮನ ಗುಡ್ಡದ ಮಗ್ಗುಲಿಗೇ ಇರುವ ನಮ್ಮ ಉಗರಗೋಳದವರಿಗೆ ಬರುವವರನ್ನೂ ಹೋಗುವವರನ್ನೂ ನೋಡುವದು ಹುಟ್ಟಿದಾರಭ್ಯದ ರೂಢಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳು ಬಂದವೆಂದರೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳ ಸಾಲು ಹಿಡಿದು ಮಹಾರಾಷ್ಟ್ರದಿಂದಲೂ ಆಂಧ್ರದಿಂದಲೂ ಲಕ್ಷಾವಧಿ ಜನರು "ಉಧೋ ಉಧೋ" ಎನ್ನುತ್ತ ಬರುವರು. ಜೋಗುಳಬಾವಿಯಲ್ಲಿ ಮಿಂದು, ಗುಡ್ಡ ಹತ್ತಿ, ಪಡ್ಡಲಿಗೆ ತುಂಬಿಸಿಕೊಂಡು ತಿರುಗಿ ಹೋಗುವರು. ಅವರಲ್ಲಿ ಯಾರನ್ನೂ ಯಾರೂ "ನೀನು ಏಕೆ ಬಂದೆ? ಎಂದು ತಿರುಗಿ ಹೋಗುವಿ?" ಎಂದು ಕೇಳುವದಿಲ್ಲ. ಇಂಥ ಊರಿನ ಗೃಹಿಣಿಯೊಬ್ಬಳು ತನ್ನ ಮಗಳ ಹೆರಿಗೆಗೆ ಹೋಗುವದಕ್ಕಾಗಿ ಈ ಎರಡೇ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲು ಮೂರು ವರ್ಷ ಕಾಯಬೇಕಾಯಿತು. ಆ ಗೃಹಿಣಿಯು ನನ್ನ ಹೆಂಡತಿ. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಥದೇ ಪ್ರಸಂಗವು ನಡೆದಿರಬಹುದಾದ್ದರಿಂದ, ಮನೆಯ ಮಾತಾದರೂ ಇದನ್ನು ಬರೆಯುವದಕ್ಕೆ ನನಗೆ ಸಂಕೋಚವಿಲ್ಲ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವದು ನಮ್ಮ ಹಳೆಯ ಪದ್ಧತಿ. ಮಕ್ಕಳು ಅಮೇರಿಕೆ, ಇಂಗ್ಲಂಡುಗಳಲ್ಲಿ ಸಂಸಾರ ಹೂಡಿದ ಮೇಲೆ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೋಗುವದು ಹೊಸ ಪದ್ಧತಿಯಾಯಿತು. ಧಾರವಾಡ, ಬೆಳಗಾವಿಗಳ ಓಣಿಗಳಲ್ಲಿ "ಅವರು ಬಾಣಂತನಕ್ಕ ಅಮೇರಿಕಾಕ್ಕ ಹೋಗ್ಯಾರ" ಎಂಬ ಮಾತು ಈಗ "ಅವರು ಸಂತಿಗೆ ಹೋಗ್ಯಾರ" ಎಂಬಷ್ಟು ಸಹಜವಾಗಿದೆ. ನಮ್ಮ ಮಗಳು ನ್ಯೂಜೆರ್ಸಿಯಲ್ಲಿ ಇರುವಳು. ಅವಳಿಗೆ ೨೦೨೦ನೆಯ ಮೇ ತಿಂಗಳಲ್ಲಿ ಹೆರಿಗೆಯೆಂದು ವೈದ್ಯರು ಹೇಳಿದ್ದರು. ನಾನು ಆಗಿನ್ನೂ ಶಾಲೆಯ ಸೇವೆಯಲ್ಲಿದ್ದೆನಾದ ಕಾರಣ ನನ್ನ ಹೆಂಡತಿಯೊಬ್ಬಳೇ ಹೋಗತಕ್ಕದ್ದೆಂದು ನಿಶ್ಚಯವಾಯಿತು. ಅವಳ ಹೆಸರಿಗೆ ಪಾಸಪೋರ್ಟು ತೆಗೆಸಿದೆವು. ಹಿಂದಿನ ಕಾಲದವರು 'ರಹದಾರಿ' ಎಂದು ಕರೆಯುತ್ತಿದ್ದರಲ್ಲ, ಆ ಜಾತಿಯ ಪತ್ರವೇ ಇದು. ವೀಸಾದ ಅರ್ಜಿಯ ಪ್ರಶ್ನೆಗಳನ್ನು ಗಣಕಯಂತ್ರದಲ್ಲಿ ತುಂಬಿ, ೧೬೦ ಡಾಲರುಗಳ ಶುಲ್ಕವನ್ನು ಕಟ್ಟಿ, ಮಾರ್ಚ್ ೨೪ನೆಯ ತಾರೀಖಿಗೆ ಸಂದರ್ಶನದ ದಿನವನ್ನು ಪಡೆದೆವು. ಅದರ ಹಿಂದಿನ ದಿನ ಬೆರಳಚ್ಚು ಕೊಡತಕ್ಕದ್ದು. ಧಾರವಾಡದಿಂದ ರೈಲು, ಬೆಂಗಳೂರಿನಲ್ಲಿ ಒಂದು ರಾತ್ರಿ, ಅಲ್ಲಿಂದ ಮುಂದೆ ಮತ್ತೊಂದು ರೈಲು. ಹೀಗೆ ಎಲ್ಲ ಸಿದ್ಧತೆಯೂ ಆಯಿತು.

ನನ್ನ ಹೆಂಡತಿಯ ಸಿದ್ಧತೆಯಾದರೋ ಬೇರೆಯೇ. ಅಂಟು, ಕೊಬ್ಬರಿ, ಉತ್ತತ್ತಿಗಳನ್ನು ಕೂಡಿಟ್ಟಳು. ಅಳವಿ, ಓಂಕಾಳು, ಬಜೆಯ ಬೇರು, ಮನೆಯಲ್ಲೇ ಹಿಡಿದ ಕಾಡಿಗೆ ಇವನ್ನೆಲ್ಲ ಸಣ್ಣ ಸಣ್ಣ ಗಂಟು ಕಟ್ಟಿದಳು. ತನ್ನ ತಾಯಿಯ ಎರಡು ಹಳೆಯ ಇಲಕಲ್ಲ ಸೀರೆಗಳನ್ನು ಹರಿದು, ಸಂಕ್ರಾಂತಿಯಿಂದ ಶಿವರಾತ್ರಿಯ ವರೆಗೆ ಕುಳಿತು, ಕೂಸಿಗೆಂದು ಒಂದು ಪುಟ್ಟ ಕೌದಿಯನ್ನು ಹೊಲಿದಳು. ಚೌಕ ಕತ್ತರಿಸಿದ ತುಂಡುಗಳು, ಅಂಚಿನಲ್ಲಿ ಕೆಂಪು ಸೆರಗು. ತೊಟ್ಟಿಲಿನ ಅಳತೆಗೆ ಸರಿಯಾಗುವಂತೆ ಗೇಣು ಹಾಕಿ ಹಾಕಿ ನೋಡುತ್ತಿದ್ದಳು.

ಅಷ್ಟರಲ್ಲಿ ರೋಗವು ಬಂದಿತು. ನಮ್ಮ ದೇಶದಲ್ಲಿ ಕೊರೊನಾದಿಂದಾದ ಮೊದಲನೆಯ ಮರಣವು ನಮ್ಮ ಕಲಬುರಗಿಯಲ್ಲಿಯೇ ಆಯಿತೆಂಬದು ವಾಚಕರಿಗೆ ನೆನಪಿರಬಹುದು. ಮಾರ್ಚ್ ೧೧ಕ್ಕೆ ಜಾಗತಿಕ ಆರೋಗ್ಯ ಸಂಸ್ಥೆಯು ಇದು ಜಗದ್ವ್ಯಾಪಿಯಾದ ಪಿಡುಗೆಂದು ಸಾರಿತು. ಮಾರ್ಚ್ ೧೬ರಿಂದ ಭಾರತದೊಳಗಿನ ಅಮೇರಿಕೆಯ ರಾಜದೂತಾವಾಸದ ಕಚೇರಿಗಳೆಲ್ಲ ವೀಸಾದ ಸಂದರ್ಶನಗಳನ್ನು ರದ್ದುಪಡಿಸಿದವು. ನಾಲ್ಕೇ ದಿನಗಳಲ್ಲಿ, ಎಂದರೆ ಮಾರ್ಚ್ ೨೦ಕ್ಕೆ, ಆ ಸರಕಾರವು ಜಗತ್ತಿನ ಎಲ್ಲ ದೇಶಗಳಲ್ಲಿಯೂ ನಿತ್ಯದ ವೀಸಾ ಕೆಲಸವನ್ನು ನಿಲ್ಲಿಸಿತು. ನಮಗೆ ಬಂದದ್ದು ನಾಲ್ಕು ಸಾಲಿನ ಒಂದು ಈ-ಮೇಲು. ನಿಮ್ಮ ಸಂದರ್ಶನವು ರದ್ದಾಗಿದೆ. ಕೆಲಸವು ಮರಳಿ ಆರಂಭವಾದಾಗ ಹೊಸ ದಿನವನ್ನು ಪಡೆಯಬಹುದು. ಇದಿಷ್ಟೇ ಅದರ ತಾತ್ಪರ್ಯ. ನಾನು ಓದಿ ಹೇಳಿದೆ. ಅವಳು ಒಲೆಯ ಮುಂದೆ ಕುಳಿತಿದ್ದಳು. "ಅವರು ಮರಳಿ ಚಾಲೂ ಮಾಡೂದರೊಳಗ ಕೂಸು ಕಾಯ್ತದೇನು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯಲ್ಲಿಯೇ ಎಲ್ಲವೂ ಇದೆಯೆಂದು ನನಗೆ ಬರಬರುತ್ತ ಹೊಳೆಯಿತು. ಕಚೇರಿಯ ಕೆಲಸಕ್ಕೆ 'ಮುಂದೂಡುವದು' ಎಂಬ ಶಬ್ದವಿದೆ. ಹುಟ್ಟಿಗೂ ಸಾವಿಗೂ ಆ ಶಬ್ದವಿಲ್ಲ. ವಿಹಾರಕ್ಕೆ ಹೊರಟವನ ಸಂದರ್ಶನವು ರದ್ದಾದರೆ ಅವನು ಒಂದು ವರ್ಷ ತಡವಾಗಿ ಹೋದಾನು. ಬಾಣಂತನಕ್ಕೆ ಹೊರಟವಳ ಸಂದರ್ಶನವು ರದ್ದಾದರೆ, ಅವಳು ಯಾವ ಕಾರ್ಯಕ್ಕೆ ಹೊರಟಿದ್ದಳೋ ಆ ಕಾರ್ಯವೇ ಮುಂದೆ ಇರುವದಿಲ್ಲ. ಆ ದಿನಗಳಲ್ಲಿ ತಂದೆತಾಯಿಗಳ ಕೊನೆಯ ದರ್ಶನಕ್ಕೆ ಬರಲಾರದೆ ಹೋದ ಮಕ್ಕಳ ಸಂಗತಿಯಂತೂ ಇದಕ್ಕಿಂತ ಕಠೋರವಾದದ್ದು.

'ವೀಸಾ' ಎಂಬ ಶಬ್ದವು ಲ್ಯಾಟಿನ್ ಭಾಷೆಯದು. 'ನೋಡಲ್ಪಟ್ಟದ್ದು' ಎಂದು ಅದರ ಅರ್ಥ. ನಮ್ಮ 'ವಿದ್' ಧಾತುವಿಗೂ ಅದಕ್ಕೂ ದಾಯಾದಿತನವುಂಟು. 'ಸಂದರ್ಶನ'ದಲ್ಲಿಯೋ 'ದೃಶ್' ಧಾತುವೇ ಇದೆ. ಎರಡೂ ಶಬ್ದಗಳಲ್ಲಿ ನೋಡುವ ಮಾತೇ ತುಂಬಿಕೊಂಡಿರುವಾಗ, ನಮ್ಮ ಪಾಲಿಗೆ ನೋಡುವದೊಂದೇ ಇಲ್ಲವಾಯಿತು. ಸಂಸ್ಕೃತದ ಮೇಷ್ಟ್ರಿಗೆ ಇಂಥ ದುಃಖದಲ್ಲಿಯೂ ಧಾತುಗಳ ಲೆಕ್ಕ ತಪ್ಪಲಿಲ್ಲವಲ್ಲ ಎಂದು ವಾಚಕಭಗಿನಿಯರು ನಗಬಹುದು. ನನ್ನ ಹೆಂಡತಿಯು ನಗಲಿಲ್ಲ.

ಇನ್ನು ಹೇಳತಕ್ಕ ಸಂಗತಿಯೊಂದುಂಟು. ಕಚೇರಿಯು ಮುಚ್ಚಿದ್ದರೂ ತುರ್ತಿನ ಕಾರಣಗಳಿಗೆ ಬೇರೆ ವಿನಂತಿ ಮಾಡಿಕೊಳ್ಳುವ ಅವಕಾಶವಿತ್ತು. ಯಾರದಾದರೂ ಮರಣ, ಪ್ರಾಣಾಪಾಯದ ಚಿಕಿತ್ಸೆ ಇಂಥವು ಅದಕ್ಕೆ ಸಲ್ಲುವವು. ಸಲ್ಲದವುಗಳ ಯಾದಿಯನ್ನೂ ಅಮೇರಿಕೆಯವರು ಕೊಟ್ಟಿದ್ದಾರೆ: ಮದುವೆ, ಪದವೀಪ್ರದಾನ, ಮತ್ತು ಬಸುರಿಯಾದ ಸಂಬಂಧಿಕರ ಸಹಾಯಕ್ಕೆ ಹೋಗುವದು. ನಮ್ಮ ಬಾಣಂತನವು ಹೀಗೆ ಹೆಸರು ಹಿಡಿದೇ ಹೊರಗಿಡಲ್ಪಟ್ಟಿದೆ. ಅರ್ಜಿ ತುಂಬಿಕೊಡುವ ಒಬ್ಬ ಗೃಹಸ್ಥನು ಇದನ್ನು ತಿಳಿದವನಾಗಿ, "ಮಗಳ ಜೀವಕ್ಕ ಧೋಕಾ ಅದ ಅಂತ ಬರೀರಿ ಸರ, ಒಂದು ಚೀಟಿ ನಾ ಕೊಡಸ್ತೀನಿ" ಎಂದನು. ಮಗಳಿಗೆ ರಕ್ತದೊತ್ತಡವು ಸ್ವಲ್ಪ ಏರಿದ್ದುದು ನಿಜ. ಅದರಿಂದ ಅಪಾಯವಿಲ್ಲೆಂದು ವೈದ್ಯರು ಹೇಳಿದ್ದೂ ನಿಜ.

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಏನ್ರೀ, ಒಂದು ಮಾತು ಹೆಚ್ಚಿಗೆ ಬರದ್ರ ಏನಾಗ್ತದ? ಯಾರ ಮನೀ ಹಾಳಾಗ್ತದ?" ಎಂದು ಅವಳು ಕೇಳುತ್ತಲೇ ಇದ್ದಳು. ಮೂವತ್ತು ವರ್ಷ ಹುಡುಗರಿಗೆ ಸತ್ಯವನ್ನು ನುಡಿಯೆಂದು ಬಾಯಿಪಾಠ ಮಾಡಿಸಿದವನು ನಾನು. ಆದರೆ ಪರೀಕ್ಷೆಯ ಪತ್ರಿಕೆಯು ಈ ರೂಪದಲ್ಲಿ ಬಂದೀತೆಂದು ತಿಳಿದಿರಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಒಂದು ಸಾಲಿನಲ್ಲಿ ನಿರಾಕರಣೆ ಬಂದಿತು. ನನ್ನ ಹೆಂಡತಿಯು ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ವೀಸಾಕ್ಕಾಗಿ ಮಹತ್ತ್ವದ ವಿಷಯದಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಆ ದೇಶದ ಕಾಯದೆಯ ಪ್ರಕಾರ ಜನ್ಮಪರ್ಯಂತ ಬಾಗಿಲು ಮುಚ್ಚಬಹುದೆಂದು ನನಗೆ ಆಮೇಲೆ ತಿಳಿಯಿತು. ನಾನು ಸುಳ್ಳು ಬರೆಯದೆ ಇದ್ದದ್ದು ಈ ಭಯದಿಂದ ಎಂದು ಹೇಳಿದರೆ ಅದೂ ಸುಳ್ಳಾದೀತು. ಮಾಡಿದ್ದು ಸರಿಯೇ ಎಂದು ಎದೆ ತಟ್ಟಿ ಹೇಳುವ ಧೈರ್ಯವೂ ನನಗೆ ಇಂದಿಗೂ ಇಲ್ಲ. ಮಾರ್ಚ್ ೨೨ರ ರಾತ್ರಿಯಿಂದ ಪರದೇಶದ ವಿಮಾನಗಳೇ ನಿಂತವು. ೨೫ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ವೀಸಾ ಸಿಕ್ಕಿದ್ದರೂ ಅವಳು ಹೋಗುವಂತಿರಲಿಲ್ಲ. ಇದನ್ನು ಅವಳಿಗೆ ತಿಳಿಯಹೇಳಿದೆ. "ಹೋಗೂದು ಬ್ಯಾರೆ, ಹೋಗಲಿಕ್ಕೆ ಹೊಡದಾಡೂದು ಬ್ಯಾರೆ" ಎಂದಳು. ಇದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಏಪ್ರಿಲ್ ೮ಕ್ಕೆ ದವನದ ಹುಣ್ಣಿಮೆ ಬಂದಿತು. ಗುಡ್ಡದ ಮೇಲೆ ಜಾತ್ರೆಯಿಲ್ಲ; ದಾರಿಯಲ್ಲಿ ಒಂದು ಗಾಡಿಯ ಸಪ್ಪಳವಿಲ್ಲ. ನಮ್ಮ ಬಾಗಿಲೊಂದೇ ಅಲ್ಲ, ದೇವಿಯ ಬಾಗಿಲೂ ಮುಚ್ಚಿದೆಯೆಂದು ಕಂಡು ಅವಳಿಗೆ ಸ್ವಲ್ಪ ಸಮಾಧಾನವಾದಂತೆ ತೋರಿತು. ಮುಚ್ಚಿದ್ದು ಅಮೇರಿಕೆಯವರ ಬಾಗಿಲೊಂದೇ ಅಲ್ಲವೆಂಬದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ನಮ್ಮ ಸರಕಾರವೂ ಆ ಮಾರ್ಚಿನಲ್ಲಿಯೇ ಪರದೇಶದವರಿಗೆ ಕೊಟ್ಟ ವೀಸಾಗಳನ್ನು ತಡೆಹಿಡಿಯಿತು. ಸಾಗರೋತ್ತರ ಭಾರತೀಯರ ಒಸಿಐ ಕಾರ್ಡಿನ ಸವಲತ್ತನ್ನೂ ನಿಲ್ಲಿಸಿತು. ಅಲ್ಲಿ ಹುಟ್ಟಿದ ಕೂಸು ಆ ದೇಶದ ಪ್ರಜೆ. ಮೇ ೭ರಿಂದ 'ವಂದೇ ಭಾರತ' ವಿಮಾನಗಳು ನಮ್ಮವರನ್ನು ಕರೆತರಲು ಹೊರಟಾಗ, ತಂದೆತಾಯಿಗಳು ಭಾರತೀಯರಾಗಿ ಕಂಕುಳ ಕೂಸು ಮಾತ್ರ ಪರದೇಶಿಯಾದ ಕುಟುಂಬಗಳು ತಮ್ಮ ಮಕ್ಕಳನ್ನು ಕರೆದುಕೊಂಡು ಬರಲಾರದೆ ತೊಳಲಾಡಿದವು. ಮೇ ೨೨ಕ್ಕೆ ಅಂಥ ಮಕ್ಕಳಲ್ಲಿ ಒಸಿಐ ಕಾರ್ಡು ಉಳ್ಳವರಿಗೆ ಸರಕಾರವು ವಿನಾಯಿತಿ ಕೊಟ್ಟಿತು. ಆಗ ತಾನೇ ಹುಟ್ಟಿದ ಕೂಸಿಗೆ ಕಾರ್ಡು ಎಲ್ಲಿಯದು? ಇತ್ತ ನಮ್ಮ ಅಳಿಯನ ಪಾಸಪೋರ್ಟಿನಲ್ಲಿದ್ದ ಎಚ್-೧ಬಿ ವೀಸಾದ ಮುದ್ರೆಯು ಅವಧಿ ಮುಗಿದಿತ್ತು. ಅಲ್ಲಿಯೇ ಇದ್ದು ಕೆಲಸ ಮಾಡಲು ಅದರಿಂದ ಅಡ್ಡಿಯಿಲ್ಲ. ಆದರೆ ಒಮ್ಮೆ ಇಲ್ಲಿಗೆ ಬಂದರೆ ಹೊಸ ಮುದ್ರೆಯಿಲ್ಲದೆ ತಿರುಗಿ ಹೋಗುವಂತಿಲ್ಲ. ಮುದ್ರೆ ಹಾಕುವ ಕಚೇರಿಯೇ ಮುಚ್ಚಿದೆ. ಜೂನ್ ೨೨ಕ್ಕೆ ಅಮೇರಿಕೆಯ ಅಧ್ಯಕ್ಷರು ಆ ವರ್ಗದ ಹೊಸ ವೀಸಾದವರ ಪ್ರವೇಶವನ್ನೇ ವರ್ಷದ ಕೊನೆಯ ವರೆಗೆ ತಡೆದರು. ಆ ತಡೆಯು ಮುಂದೆ ೨೦೨೧ನೆಯ ಮಾರ್ಚ್ ಕೊನೆಯ ವರೆಗೂ ಬೆಳೆಯಿತು. ಹೀಗಾಗಿ ನಾವು ಅತ್ತ ಹೋಗುವಂತಿಲ್ಲ, ಅವರು ಇತ್ತ ಬರುವಂತಿಲ್ಲ.

ರೋಗದ ಕಾಲದಲ್ಲಿ ದಾರಿ ಕಟ್ಟುವದು ಹೊಸದಲ್ಲ. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮದ್ರಾಸ್ ಆಧಿಪತ್ಯದಲ್ಲಿ, ಪ್ಲೇಗಿನ ಊರುಗಳಿಂದ ರೈಲಿನಲ್ಲಿ ಬಂದವರಿಗೆ ಪಾಸುಗಳನ್ನು ಕೊಟ್ಟು, ಕೆಲವು ದಿನಗಳ ವರೆಗೆ ಅಧಿಕಾರಿಗಳ ಮುಂದೆ ಹಾಜರಾಗುವಂತೆ ಕಟ್ಟು ಮಾಡಿದ್ದರು. ಆಗ, ಎಂದರೆ ೧೮೯೭ರಲ್ಲಿ, ಮಾಡಿದ ಸಾಂಕ್ರಾಮಿಕ ರೋಗಗಳ ಕಾಯದೆಯನ್ನೇ ೨೦೨೦ರಲ್ಲಿಯೂ ಹೊರತೆಗೆದರು. ಒಂದು ಭೇದವು ಮಾತ್ರ ದೊಡ್ಡದು. ನಮ್ಮ ಧರ್ಮಶಾಸ್ತ್ರಕಾರರು ಪರದೇಶದಲ್ಲಿರುವವನಿಗೆ ಹತ್ತು ದಿನಗಳೊಳಗೆ ವಾರ್ತೆ ಮುಟ್ಟಿದರೆ ಉಳಿದಷ್ಟು ದಿನ ಮಾತ್ರ ಅಶೌಚವೆಂದು ನಿಯಮಿಸಿದ್ದಾರೆ. ಮನುಷ್ಯನು ನಡೆದು ತಲುಪುವಷ್ಟರಲ್ಲಿಯೇ ಸುದ್ದಿಯೂ ತಲುಪುವದೆಂದು ಅವರು ತಿಳಿದಿದ್ದರು. ನಮಗೆ ಸುದ್ದಿಯು ನಿಮಿಷದಲ್ಲಿ ಮುಟ್ಟಿತು; ಮುಟ್ಟದೆ ಉಳಿದವರು ಮನುಷ್ಯರು.

ಮೇ ತಿಂಗಳ ನಡುವೆ ಹೆಣ್ಣು ಕೂಸು ಹುಟ್ಟಿತು. ಆ ವಸಂತದಲ್ಲಿ ನ್ಯೂಯಾರ್ಕಿನ ಕೆಲವು ಆಸ್ಪತ್ರೆಗಳು ಹೆರುವವಳ ಹತ್ತಿರ ಗಂಡನನ್ನೂ ಬಿಡದೆ ಇದ್ದುದರಿಂದ ದೊಡ್ಡ ಕೂಗೆದ್ದು, ಒಬ್ಬರನ್ನಾದರೂ ಬಿಡತಕ್ಕದ್ದೆಂದು ಆ ಪ್ರಾಂತದ ಸರಕಾರವು ಆಜ್ಞೆ ಮಾಡಬೇಕಾಯಿತು. ನಮ್ಮ ಮಗಳಿದ್ದಲ್ಲಿ ಅಳಿಯನೊಬ್ಬನಿಗೆ ಪ್ರವೇಶ ಸಿಕ್ಕಿತು. ಮೂರನೆಯ ದಿನ ಅವರು ಮನೆಗೆ ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ದೂರವಾಣಿಯ ಬಾಣಂತನವು ಆರಂಭವಾಯಿತು.

ನಮ್ಮಲ್ಲಿ ಬೆಳಗಿನ ಐದೂವರೆಯೆಂದರೆ ಅಲ್ಲಿ ಹಿಂದಿನ ರಾತ್ರಿಯ ಎಂಟು ಗಂಟೆ. ಗೋಡೆಗೆ ಎರಡನೆಯದೊಂದು ಗಡಿಯಾರವನ್ನು ತೂಗಹಾಕಿ ಅಲ್ಲಿಯ ಹೊತ್ತಿಗೆ ಹೊಂದಿಸಿಟ್ಟೆ. ಐದೂವರೆಗೆ ನನ್ನ ಹೆಂಡತಿಯು ಮೊಬೈಲನ್ನು ಕಡಗೋಲ ಕಂಬಕ್ಕೆ ಆನಿಸಿಟ್ಟು ಕೂಡುವಳು. ಎಣ್ಣೆಯನ್ನು ಎಷ್ಟು ಬಿಸಿ ಮಾಡಬೇಕು, ಕೂಸನ್ನು ಕಾಲ ಮೇಲೆ ಹೇಗೆ ಮಲಗಿಸಿಕೊಂಡು ಎರೆಯಬೇಕು, ನೀರು ಕಿವಿಗೆ ಹೋಗದಂತೆ ಕೈಯನ್ನು ಎಲ್ಲಿ ಅಡ್ಡ ಹಿಡಿಯಬೇಕು ಇವನ್ನೆಲ್ಲ ಒಂದು ಸುತ್ತಿದ ಧೋತರದ ಮೇಲೆ ಮಾಡಿ ತೋರಿಸುವಳು. ಧೋತರವು ನನ್ನದು. ಅತ್ತ ಅಳಿಯನು ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದುದರಿಂದ ಎಲ್ಲಕ್ಕೂ ಕೈ ಹಚ್ಚಿದನು. ಗಂಡಸರು ಬಾಣಂತಿಯ ಕೋಣೆಯನ್ನು ಹಣಿಕಿ ನೋಡದ ಕಾಲದಲ್ಲಿ ಬೆಳೆದ ನನಗೆ ಇದು ವಿಚಿತ್ರವೆನಿಸಿತು. ಆದರೆ ನನ್ನ ಹೆಂಡತಿಯ ಬಾಣಂತನದಲ್ಲಿ ನಾನು ಇಷ್ಟು ಮಾಡಿದ್ದೆನೇ ಎಂದು ನೆನೆದಾಗ ಬಾಯಿ ಕಟ್ಟಿತು.

ಅಂಟಿನ ಉಂಡೆಯ ಕಥೆಯೇ ಬೇರೆ. ಅಲ್ಲಿಯ ಭಾರತೀಯ ಅಂಗಡಿಯಿಂದ ಅವನು ಅಂಟನ್ನು ತಂದನು. ಒಮ್ಮೆಗೇ ಅಷ್ಟನ್ನೂ ತುಪ್ಪದಲ್ಲಿ ಸುರುವಿದನಾದ್ದರಿಂದ ಅದು ಮೇಲೆ ಕೆಂಪಗಾಗಿ ಒಳಗೆ ಕಲ್ಲಿನಂತೆ ಉಳಿಯಿತು. ಮಗಳು ಒಂದು ಉಂಡೆಯನ್ನು ಕಡಿದು ಹಲ್ಲು ಹಿಡಿದುಕೊಂಡಳು. "ನಾಕ ನಾಕ ಹರಳು ಹಾಕಪಾ, ತುಪ್ಪ ಚಲೋ ಕಾದಿರಬೇಕು, ಅರಳಿದ ಕೂಡಲೇ ತಗದು ಬಟ್ಟಲದಲೆ ತಿಕ್ಕಿ ನೋಡು, ಪುಡಿ ಆಗಬೇಕು" ಎಂದು ಇವಳು ಇಲ್ಲಿಂದ ಹೇಳುವಳು. ಬೆಲ್ಲದ ಪಾಕವು ಎಳೆ ಬಂದಿತೋ ಇಲ್ಲವೋ ಎಂಬದನ್ನು ಮೊಬೈಲಿನ ಗಾಜಿನಲ್ಲಿ ಹೇಗೆ ನೋಡುವದು? ಎರಡನೆಯ ಸಲವೂ ಕೆಟ್ಟಿತು. ಮೂರನೆಯ ಸಲ ಮಾಡುವದರೊಳಗೆ, ಮೇಲಿನ ಮಾಳಿಗೆಯಲ್ಲಿದ್ದ ಕೊಲ್ಹಾಪುರದ ಕಡೆಯ ಮರಾಠಿ ತಾಯಿಯೊಬ್ಬರು ಸುದ್ದಿ ತಿಳಿದು, ಒಂದು ಡಬ್ಬಿ ಡಿಂಕಿನ ಲಾಡುಗಳನ್ನು ಹೊಸ್ತಿಲ ಹೊರಗಿಟ್ಟು, ಗಂಟೆ ಬಾರಿಸಿ, ಮುಖ ತೋರಿಸದೆ ಹೋದರು. ನಮ್ಮ ಅಂಟೇ ಅವರ ಡಿಂಕು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಅವರ ಡಬ್ಬಿ ಬರುತ್ತಿತ್ತು. ನನ್ನ ಹೆಂಡತಿಯು ಮರಾಠಿಯಲ್ಲಿ ಅವರೊಡನೆ ಮಾತಾಡಿ ಅತ್ತದ್ದನ್ನು ನಾನು ಕೇಳಿದ್ದೇನೆ; ನನ್ನೆದುರಿಗೆ ಅವಳು ಅತ್ತಿರಲಿಲ್ಲ.

ಕೌದಿಯನ್ನು ಕಳಿಸೋಣವೆಂದರೆ, ವಿಮಾನಗಳು ನಿಂತ ಮೇಲೆ ಪೊಟ್ಟಣಗಳ ದಾರಿಯೂ ನಿಂತಿತ್ತು. ಹೆಸರಿಡುವ ದಿನ ಕೂಸನ್ನು ಅಂಗಡಿಯ ಹೊದಿಕೆಯಲ್ಲಿ ಸುತ್ತಿ ತೋರಿಸಿದರು. ಕೌದಿಯು ನಮ್ಮ ಟ್ರಂಕಿನಲ್ಲಿ ಉಳಿಯಿತು. ಜೂನ್ ೨೫ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗಳು ನಡೆದವು, ಮುಖವಸ್ತ್ರ ಕಟ್ಟಿಕೊಂಡ ಹುಡುಗರ ನಡುವೆ ನಾನು ಓಡಾಡಬೇಕಾಯಿತು. ಆ ವರ್ಷವು ಹಾಗೆ ಕಳೆಯಿತು.

೨೦೨೧ರಲ್ಲಿ ಮತ್ತೊಂದು ದಿನ ಸಿಕ್ಕಿತು, ಮೇ ತಿಂಗಳದ್ದು. ಕೂಸಿನ ಮೊದಲನೆಯ ಹುಟ್ಟುಹಬ್ಬಕ್ಕಾದರೂ ವೀಸಾ ಕೈಯಲ್ಲಿ ಇದ್ದೀತೆಂದು ಆಶೆಪಟ್ಟೆವು. ಎರಡನೆಯ ಅಲೆಯು ಬಂದಿತು. ನಮ್ಮ ಊರ ಕಡೆಗೆ ಆ ಏಪ್ರಿಲ್-ಮೇಗಳಲ್ಲಿ ಏನಾಯಿತೆಂಬದನ್ನು ನಾನು ಇಲ್ಲಿ ಬರೆಯಲಾರೆ. ಸಂದರ್ಶನಗಳು ಮತ್ತೆ ರದ್ದಾದವು. ಮೇ ೪ರಿಂದ ಭಾರತದಲ್ಲಿದ್ದು ಬಂದವರಿಗೆ ಅಮೇರಿಕೆಯ ಪ್ರವೇಶವೇ, ಕೆಲವರ ಹೊರತಾಗಿ, ನಿಷಿದ್ಧವಾಯಿತು. ಜೂನಿನಲ್ಲಿ ಕಚೇರಿಗಳು ತೆರೆದಾಗ ವಿದ್ಯಾರ್ಥಿಗಳಿಗೆ ಅಗ್ರಸ್ಥಾನವನ್ನು ಕೊಟ್ಟರು. ಆ ಬೇಸಿಗೆಯಲ್ಲಿ ೫೫,೦೦೦ಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳಿಗೂ ವಿನಿಮಯದವರಿಗೂ ವೀಸಾ ಸಿಕ್ಕಿತು. ಮೇಷ್ಟ್ರಾದ ನಾನು ಇದು ಯೋಗ್ಯವೆಂದೇ ಹೇಳುವೆನು. ಅಜ್ಜಿಯರ ಸರದಿ ಕೊನೆಗೆ.

ಈ ಎರಡನೆಯ ಸಲದ ಹೊತ್ತಿಗೆ ನಾವು ಕೆಲವು ಪಾಠ ಕಲಿತಿದ್ದೆವು. ಮುಂದೆಂದಾದರೂ ಇಂಥ ಕಾಲ ಬಂದರೆ ಬೇಕಾದೀತೆಂದು ಹೇಳುತ್ತೇನೆ. ಶುಲ್ಕದ ಹಣವನ್ನು ಅವರು ತಿರುಗಿ ಕೊಡುವದಿಲ್ಲ. ಆದರೆ ಕೊರೊನಾದ ನಿಮಿತ್ತ ಉಪಯೋಗವಾಗದ ಶುಲ್ಕಗಳ ಅವಧಿಯನ್ನು ಹಂತಹಂತವಾಗಿ ೨೦೨೩ನೆಯ ಸೆಪ್ಟೆಂಬರ್ ೩೦ರ ವರೆಗೆ ಬೆಳೆಸಿದರು. ಪಾವತಿಯನ್ನು ಹರಿದು ಚೆಲ್ಲಿದವರು ಕೆಟ್ಟರು. ನಮ್ಮ ಪಾವತಿಯು ದೇವರ ಜಗಲಿಯ ಮೇಲಿನ ಪಂಚಾಂಗದಲ್ಲಿ ಭದ್ರವಾಗಿತ್ತು. ಬೇಗನೆ ದಿನ ಕೊಡಿಸುವೆನೆಂದು ಹಣ ಕೇಳುವವರು ಆಗ ಬಹಳ ಹುಟ್ಟಿಕೊಂಡರು. ಅಂಥವನೊಬ್ಬನು ನಮ್ಮ ಪರಿಚಿತರಿಂದ ಹಣ ತೆಗೆದುಕೊಂಡು, ಅವರ ಖಾತೆಯಲ್ಲಿ ದಿನಗಳನ್ನು ಮೇಲಿಂದ ಮೇಲೆ ಬದಲಿಸಿ, ಇಷ್ಟೇ ಸಲವೆಂದು ಇರುವ ಮಿತಿಯನ್ನು ಮೀರಿಸಿಬಿಟ್ಟನು; ಪಾಪ, ಅವರು ಹೊಸ ಶುಲ್ಕ ಕಟ್ಟಬೇಕಾಯಿತು. ಅರ್ಜಿಯೊಳಗಿನ ಪಾಸಪೋರ್ಟಿನ ನಂಬರೂ ಕೈಯಲ್ಲಿರುವ ಪಾಸಪೋರ್ಟಿನ ನಂಬರೂ ಒಂದೇ ಇರಬೇಕು. ನಡುವೆ ಪಾಸಪೋರ್ಟು ಬದಲಾಗಿದ್ದರೆ ಅರ್ಜಿಯನ್ನು ಮತ್ತೆ ತುಂಬುವದೇ ಒಳ್ಳೆಯದು.

ಲಸಿಕೆಯ ವಿಷಯದಲ್ಲಿ ಒಂದು ಗಾಬರಿಯಾಯಿತು. ನವೆಂಬರ್ ೮ರಿಂದ ಲಸಿಕೆ ಹಾಕಿಸಿಕೊಂಡವರನ್ನು ಬಿಡುತ್ತೇವೆಂದು ಅಮೇರಿಕೆಯು ಸಾರಿತು. ಆದರೆ ಜಾಗತಿಕ ಆರೋಗ್ಯ ಸಂಸ್ಥೆಯು ಒಪ್ಪಿದ ಲಸಿಕೆಯೇ ಆಗಬೇಕು. ನನ್ನ ಹೆಂಡತಿಗೆ ದವಾಖಾನೆಯಲ್ಲಿ ಸಿಕ್ಕದ್ದು ಕೊವ್ಯಾಕ್ಸಿನ್. ಅದಕ್ಕೆ ಆ ಸಂಸ್ಥೆಯ ಒಪ್ಪಿಗೆಯು ಇನ್ನೂ ಬಂದಿರಲಿಲ್ಲ. ನವೆಂಬರ್ ೩ಕ್ಕೆ, ಎಂದರೆ ಐದು ದಿನ ಮೊದಲು, ಒಪ್ಪಿಗೆ ಬಂದಿತು. ಅಂದು ನಮ್ಮ ಮನೆಯಲ್ಲಿ ಹೋಳಿಗೆಯಾಯಿತು.

ಬಾಗಿಲು ತೆರೆದರೂ ಸರದಿಯು ಗುಡ್ಡದ ಜಾತ್ರೆಯ ಸರದಿಯಂತೆ ಬೆಳೆದಿತ್ತು. ಭೇಟಿಗೆ ಹೋಗುವವರ ನೇರ ಸಂದರ್ಶನಗಳು ೨೦೨೨ನೆಯ ಸೆಪ್ಟೆಂಬರಿನಲ್ಲಿ ಮರಳಿ ಆರಂಭವಾದವು. ಆ ವರ್ಷದ ಕೊನೆಗೆ ಕಾಯುವ ಅವಧಿಯು ಹೆಚ್ಚು ಕಡಿಮೆ ಸಾವಿರ ದಿನಗಳಿಗೆ ಮುಟ್ಟಿತು. ನಮಗೆ ಸಿಕ್ಕ ದಿನವು ೨೦೨೪ರದು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಮಾಡಲಿಕ್ಕೆ ಬೇರೆ ಉದ್ಯೋಗವಿರಲಿಲ್ಲ. ೨೦೨೩ನೆಯ ಜನೇವರಿಯಲ್ಲಿ ಹೆಚ್ಚಿನ ಅಧಿಕಾರಿಗಳನ್ನು ಕರೆಸಿ, ಶನಿವಾರಗಳಲ್ಲಿಯೂ ಸಂದರ್ಶನ ನಡೆಸಿ, ಎರಡೂವರೆ ಲಕ್ಷಕ್ಕೂ ಮಿಕ್ಕಿ ಹೊಸ ದಿನಗಳನ್ನು ಬಿಟ್ಟರು. ಅವುಗಳಲ್ಲಿ ಒಂದು ನಸುಕಿನ ನಾಲ್ಕು ಗಂಟೆಗೆ ನನ್ನ ಕೈಗೆ ಸಿಕ್ಕಿತು.

ಫೆಬ್ರುವರಿಯಲ್ಲಿ ಹೋದೆವು. ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಅವಳು ಒಳಗೆ ಹೋದವಳು ಎರಡು ತಾಸಿಗೆ ಹೊರಗೆ ಬಂದಳು. ಅದರಲ್ಲಿ ಅಧಿಕಾರಿಯೆದುರು ನಿಂತದ್ದು ಮೂರು ನಿಮಿಷವಂತೆ. ಏಕೆ ಹೋಗುವಿರಿ, ಎಂದು ತಿರುಗಿ ಬರುವಿರಿ, ಮನೆಯಲ್ಲಿ ಯಾರು ಇರುವರು? ಮೂರನೆಯದಕ್ಕೆ ಅವಳು "ನಮ್ಮ ಮಾಸ್ತರು ಇರ್ತಾರ" ಎಂದಳಂತೆ. ದುಭಾಷಿಯು ಅದನ್ನು ಹೇಗೆ ಅನುವಾದಿಸಿದನೋ ತಿಳಿಯದು.

ಹೊರಡುವ ಎರಡು ವಾರ ಮುಂಚೆ ಅವಳು ಟ್ರಂಕಿನಿಂದ ಕೌದಿಯನ್ನು ತೆಗೆದು ನೆಲದ ಮೇಲೆ ಹಾಸಿದಳು. ತೊಟ್ಟಿಲಿನ ಅಳತೆಯ ಕೌದಿ. ಕೂಸಿಗೆ ಮೂರು ವರ್ಷ ತುಂಬುತ್ತ ಬಂದಿತ್ತು. ಕೆಂಪು ಸೆರಗಿನ ಹೊಲಿಗೆಯನ್ನು ಬಿಚ್ಚಿ, ತನ್ನದೇ ಒಂದು ಹಸುರು ಸೀರೆಯನ್ನು ಹರಿದು, ನಾಲ್ಕೂ ಬದಿಗೆ ಒಂದೊಂದು ಮೊಳದಷ್ಟು ಕೂಡಿಸಿದಳು. ಸೂಜಿಗೆ ದಾರ ಪೋಣಿಸಿ ಕೊಡುವದು ನನ್ನ ಕೆಲಸವಾಗಿತ್ತು. "ಇನ್ನೂ ನಾಕ ಬೆರಳು ಹೆಚ್ಚಿಗೆ ಇರಲಿ, ಬೆಳೀತಾಳ" ಎಂದು ಹೇಳಿ, ಕೊನೆಗೆ ಕೆಂಪು ಸೆರಗನ್ನು ಮತ್ತೆ ಅಂಚಿಗೆ ಹಚ್ಚಿದಳು.